ಕಪ್ಪದ ನಾಣ್ಯದ ಇನ್ನೊಂದು ಮುಖ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವ ಸ್ಮರಣ ಸಂಚಿಕೆಗೆ ಈ ಪ್ರದೇಶದ ಪ್ರಾಚೀನತೆಯನ್ನು ಕುರಿತು ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಯಶವಂತಪುರದ ರೋಮನ್ ನಾಣ್ಯಗಳ ವಿಷಯವಾಗಿ ಬರೆಯುವೆನೆಂದು ಸಂತೋಷದಿಂದಲೇ ಒಪ್ಪಿಕೊಂಡೆ. ಒಪ್ಪಿಕೊಂಡ ಮರುವಾರವೇ ಎರಡು ತೊಡಕುಗಳು ಎದುರಾದುವು. ಮೊದಲನೆಯದು, ಸಮಿತಿಯ ಹಿರಿಯರೊಬ್ಬರ ಸಲಹೆ. “ಮೇಷ್ಟ್ರೇ, ಒಂದನೆಯ ಶತಮಾನದಲ್ಲಿಯೇ ಕ್ರೈಸ್ತ ವಿಶ್ವಾಸ ನಮ್ಮ ನೆಲಕ್ಕೆ ಬಂದಿತ್ತೆಂಬುದಕ್ಕೆ ಈ ನಾಣ್ಯಗಳೇ ಸಾಕ್ಷಿ ಎಂದು ಒಂದು ಸಾಲು ಸೇರಿಸಿಬಿಡಿ, ಸಂಚಿಕೆಗೆ ಶೋಭೆ ಬರುತ್ತದೆ” ಎಂದು ಅವರು ಹೇಳಿದರು. ಎರಡನೆಯದು ಇನ್ನೂ ಕಷ್ಟದ್ದು. ನಾನು ನಾಣ್ಯಗಳ ವಿಷಯ ಬರೆಯುತ್ತಿರುವೆನೆಂದು ಕೇಳಿ, ಭಾನುವಾರದ ಪೂಜೆಯ ನಂತರ ನಮ್ಮ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಒಂದು ಸವೆದ ಬೆಳ್ಳಿಯ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು.

“ಇದು ಮಾತೆಯ ಪದಕ. ನಮ್ಮತ್ತೆ ಕೊಟ್ಟದ್ದು. ಅವರಿಗೆ ಅವರ ತಂದೆ ಕೊಟ್ಟಿದ್ದರಂತೆ, ರೈಲು ದಾರಿಯಲ್ಲಿ ಮಣ್ಣು ಹೊರುತ್ತಿದ್ದವರು. ಇದರಲ್ಲಿ ಏನೋ ಅಕ್ಷರವಿದೆ, ನೋಡಿ ಹೇಳಿ” ಎಂದರು. ಬಿಲ್ಲೆಗೆ ಒಂದು ತೂತಿತ್ತು. ತೂತಿನಲ್ಲಿ ಕಪ್ಪು ದಾರ, ದಾರದ ಇನ್ನೊಂದು ತುದಿಗೆ ಜಪಸರ. ಒಂದು ಕಡೆ ಪುರುಷನೊಬ್ಬನ ತಲೆ ಸಾಕಷ್ಟು ಸ್ಪಷ್ಟವಾಗಿತ್ತು. ಇನ್ನೊಂದು ಕಡೆ ತೀರ ನುಣುಪು. ಮೂರು ತಲೆಮಾರಿನ ಹೆಂಗಸರು ಹೆಬ್ಬೆರಳಿನಿಂದ ಸವರಿ, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು ಸವೆಸಿದ ನುಣುಪು ಅದು. ಅದರೊಳಗೆ ಕುಳಿತ ಒಬ್ಬ ಸ್ತ್ರೀಯ ನೆರಳು ಮಾತ್ರ ಉಳಿದಿತ್ತು.

ಅಜ್ಜಿಗೆ ಒಂದು ವಾರದ ಅವಧಿ ಕೇಳಿಕೊಂಡೆ. ಈ ಲೇಖನ ಆ ವಾರದ ಫಲ.

ಮೊದಲು ಊರಿನ ವಿಷಯ. ೧೮೯೧ರಲ್ಲಿ ಯಶವಂತಪುರದ ರೈಲು ನಿಲ್ದಾಣದ ಸಮೀಪದಲ್ಲಿ ನೆಲ ಅಗೆಯುತ್ತಿದ್ದಾಗ ೧೬೩ ರೋಮನ್ ಬೆಳ್ಳಿ ನಾಣ್ಯಗಳು ದೊರೆತುವು. ಅಗಸ್ಟಸ್, ತಿಬೇರಿಯಸ್, ಕ್ಲಾಡಿಯಸ್ ಎಂಬ ಚಕ್ರವರ್ತಿಗಳ ಕಾಲದ ನಾಣ್ಯಗಳು ಅವುಗಳಲ್ಲಿದ್ದುವು. ಸುಮಾರು ಮುಕ್ಕಾಲು ಶತಮಾನದ ಬಳಿಕ, ೧೯೬೫ರಲ್ಲಿ, ನಗರದ ಪೂರ್ವಕ್ಕೆ ಎಚ್. ಎ. ಎಲ್. ವಿಮಾನ ನಿಲ್ದಾಣದ ಬಳಿ ೨೫೬ ನಾಣ್ಯಗಳ ಮತ್ತೊಂದು ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಅವರ ತರುವಾಯ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಸಂಗತಿ ಇತಿಹಾಸಾಸಕ್ತರಿಗೆ ಗೊತ್ತಿರುವುದೇ. ಆ ನೆಲೆಯಲ್ಲಿಯೂ ಸಾತವಾಹನರ ನಾಣ್ಯಗಳೊಡನೆ ಅಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. ಹೆಬ್ಬಾಳದಲ್ಲಿ ೨೦೧೮ರಲ್ಲಿ ಚರಂಡಿಗಾಗಿ ಅಗೆಯುವಾಗ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಹೆಸರಾಗಿದೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ ಆ ಕಲ್ಲು ಕ್ರಿ. ಶ. ೭೫೦ರ ಸುಮಾರಿನದು. ಯಶವಂತಪುರದ ನಾಣ್ಯಗಳು ಅದಕ್ಕಿಂತ ಏಳು ಶತಮಾನ ಹಿರಿಯವು. ನಮ್ಮ ಈ ಉತ್ತರ ಭಾಗದಲ್ಲಿ ಹಳೆಯದೆಲ್ಲ ಹೀಗೆ ಯಾವುದೋ ಬೇರೆ ಕೆಲಸಕ್ಕೆ ಗುದ್ದಲಿ ಹಾಕಿದಾಗಲೇ ಸಿಗುತ್ತ ಬಂದಿರುವುದು ವಿಚಿತ್ರ.

ಈ ಮೂವರು ಚಕ್ರವರ್ತಿಗಳೂ ನಮಗೆ ಅಪರಿಚಿತರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೂವರ ಹೆಸರೂ ಹೊಸ ಒಡಂಬಡಿಕೆಯಲ್ಲಿದೆ. ಪ್ರಭುವಿನ ಜನನದ ಸಂದರ್ಭದಲ್ಲಿ ಜನಗಣತಿಯ ಆಜ್ಞೆ ಹೊರಡಿಸಿದವನು ಅಗಸ್ಟಸ್. ಸ್ನಾನಿಕ ಯೊವಾನ್ನರ ಬೋಧನೆಯ ಕಾಲವನ್ನು ಸಂತ ಲೂಕರು ಗುರುತಿಸುವುದು ತಿಬೇರಿಯಸನ ಆಳ್ವಿಕೆಯ ಹದಿನೈದನೆಯ ವರ್ಷದಿಂದ. ಕ್ಲಾಡಿಯಸನ ಹೆಸರು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುತ್ತದೆ. ಯಶವಂತಪುರದ ಮಣ್ಣಿನಲ್ಲಿ ಒಟ್ಟಿಗೆ ಮಲಗಿದ್ದ ಹೆಸರುಗಳನ್ನು ನಾವು ಪೂಜೆಯ ವಾಚನಗಳಲ್ಲಿ ಬಿಡಿಬಿಡಿಯಾಗಿ ಕೇಳುತ್ತಲೇ ಬಂದಿದ್ದೇವೆ.

ಇನ್ನು ಅಜ್ಜಿಯ ಬಿಲ್ಲೆ. ಮನೆಯವರು ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ ನನಗೆ ಕೊಡಬೇಕೆಂದಿದ್ದರು. ಪುಣ್ಯಕ್ಕೆ ಅಜ್ಜಿ ಬಿಡಲಿಲ್ಲ. ಹಳೆಯ ನಾಣ್ಯ ಸಿಕ್ಕವರು ಹುಣಸೆ, ನಿಂಬೆ, ಬೂದಿ ಯಾವುದನ್ನೂ ಮುಟ್ಟಿಸಬಾರದು. ಉಳಿದಿರುವ ಅಕ್ಷರದ ಅಂಚು ಕಪ್ಪಿನಿಂದಲೇ ಕಾಣುತ್ತಿರುತ್ತದೆ. ಬೆಳಗಿದರೆ ಆ ಕಪ್ಪಿನೊಡನೆ ಅಕ್ಷರವೂ ಹೋಗುತ್ತದೆ. ಸವೆದ ನಾಣ್ಯವನ್ನು ಓದುವ ಉಪಾಯ ಬಹಳ ಸರಳ. ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ಬೆಳಕು ಬಿಡಬೇಕು. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಬರಿಯ ಬೆಳ್ಳಿಯಾಗಿ ಕಂಡದ್ದು ಆಗ ದಿಣ್ಣೆ, ತಗ್ಗು, ಗೆರೆಗಳಾಗಿ ಒಡೆದು ಕಾಣುತ್ತದೆ. ಸವೆಯುವಾಗ ಮೊದಲು ಹೋಗುವುದು ಉಬ್ಬಿದ ಭಾಗ: ಮುಖ, ಎದೆ, ಮಂಡಿ. ಕಡೆಯವರೆಗೂ ಉಳಿಯುವುದು ತಗ್ಗಿನಲ್ಲಿರುವುದು: ಪೀಠದ ಕಾಲು, ಪಾದದ ಕೆಳಗಿನ ಗೆರೆ, ಅಂಚಿನ ಅಕ್ಷರಗಳ ಬುಡ. ಆದುದರಿಂದ ಸವೆದ ಮೂರ್ತಿಯ ಮುಖವನ್ನು ಹುಡುಕಿ ಕಣ್ಣು ನೋಯಿಸಿಕೊಳ್ಳುವ ಬದಲು ಅದು ಯಾವುದರ ಮೇಲೆ ಕುಳಿತಿದೆ, ಯಾವುದರ ಮೇಲೆ ನಿಂತಿದೆ ಎಂದು ನೋಡುವುದೇ ಜಾಣತನ.

ಅಗಲ ೧೯ ಮಿಲಿಮೀಟರಿನಷ್ಟು. ಈಗಿನ ಒಂದು ರೂಪಾಯಿಗಿಂತ ತುಸು ಚಿಕ್ಕದು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ೩.೩೬ ಗ್ರಾಂ ತೂಗಿತು. ರೋಮನರ ದೆನಾರಿಯಸ್ ಎಂಬ ಬೆಳ್ಳಿ ನಾಣ್ಯ ಅಗಸ್ಟಸ್ ಮತ್ತು ತಿಬೇರಿಯಸರ ಕಾಲದಲ್ಲಿ ಹೊಸದಾಗಿದ್ದಾಗ ಸುಮಾರು ೩.೮ ಗ್ರಾಂ ಇರುತ್ತಿತ್ತು. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿ ಅದರ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಆಮೇಲಿನ ನಾಣ್ಯ ಸುಮಾರು ೩.೪ ಗ್ರಾಂ. ಹಾಗಾದರೆ ನಮ್ಮದು ನೀರೋವಿನ ನಂತರದ್ದೇ? ತೂಕವೊಂದನ್ನೇ ನಂಬಿದರೆ ಹಾಗೆ ಹೇಳಬೇಕಾಗುತ್ತದೆ. ಆದರೆ ತೂತು ಕೊರೆದು ತೆಗೆದ ಬೆಳ್ಳಿಯನ್ನೂ ಮುತ್ತಿಟ್ಟು ಸವೆಸಿದ ಬೆಳ್ಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಸವೆದ ನಾಣ್ಯದ ವಿಷಯದಲ್ಲಿ ತಕ್ಕಡಿ ಅರ್ಧ ಸಾಕ್ಷಿ ಮಾತ್ರ.

ದಕ್ಷಿಣ ಭಾರತದಲ್ಲಿ ದೊರೆಯುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಅಚ್ಚುಗಳೇ ಬಹುಪಾಲು. ಒಂದು ಅಗಸ್ಟಸನದು. ಅದರ ಹಿಮ್ಮುಖದಲ್ಲಿ ಅವನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗಾಯಸ್ ಮತ್ತು ಲೂಸಿಯಸ್ ಅಕ್ಕಪಕ್ಕ ನಿಂತಿದ್ದಾರೆ. ಅವರ ನಡುವೆ ಗುರಾಣಿಗಳು, ಈಟಿಗಳು, ಮೇಲೆ ಯಜ್ಞದ ಸೌಟು ಮತ್ತು ತುದಿ ಬಾಗಿದ ಶಕುನದ ಕೋಲು. ಅದು ಸವೆದಾಗ ಎರಡು ನೆಟ್ಟನೆಯ ಕಂಬಗಳೂ ನಡುವೆ ಎರಡು ದುಂಡನೆಯ ಬೊಟ್ಟುಗಳೂ ಉಳಿಯುತ್ತವೆ. ಅಂಥದನ್ನು ಕಂಡ ನಮ್ಮವರು ಸಂತ ಪೇತ್ರ ಮತ್ತು ಸಂತ ಪೌಲರೆಂದು ಕೈಮುಗಿದರೂ ಆಶ್ಚರ್ಯವಿಲ್ಲ. ಎರಡನೆಯದು ತಿಬೇರಿಯಸನದು. ಅದರಲ್ಲಿ ಒಬ್ಬಳೇ ಸ್ತ್ರೀ, ಪೀಠದ ಮೇಲೆ ಬಲಕ್ಕೆ ಮುಖಮಾಡಿ ಕುಳಿತಿದ್ದಾಳೆ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಎಲೆಯ ರೆಂಬೆ. ಸುತ್ತಲೂ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಅಕ್ಷರಗಳು. ಕ್ಲಾಡಿಯಸನ ನಾಣ್ಯಗಳಲ್ಲಿ ರೆಕ್ಕೆಯುಳ್ಳ ಶಾಂತಿದೇವತೆ ಹಾವಿನ ಹಿಂದೆ ನಡೆಯುವುದುಂಟು, ಓಕ್ ಎಲೆಯ ಮಾಲೆಯೂ ಉಂಟು. ಕುಳಿತ ಸ್ತ್ರೀಯೊಡನೆ ಅವನ್ನು ಗೊಂದಲ ಮಾಡಿಕೊಳ್ಳುವ ಸಂಭವ ಕಡಿಮೆ.

ಟಾರ್ಚಿನ ಓರೆ ಬೆಳಕಿನಲ್ಲಿ ಅಜ್ಜಿಯ ಬಿಲ್ಲೆಯಲ್ಲಿ ಮೊದಲು ಕಂಡದ್ದು ಪೀಠದ ಎರಡು ಕಾಲುಗಳು, ಅವುಗಳ ಕೆಳಗೆ ಒಂದು ಗೆರೆ. ಎಂದರೆ ಕುಳಿತ ಮೂರ್ತಿ, ಅದೂ ಒಂದೇ. ಆಮೇಲೆ ಮೂರ್ತಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣಗೆ ದಂಡದ ಗೆರೆ. ಕೊನೆಗೆ, ಬೆರಳು ತಾಗದೆ ಉಳಿದ ಅಂಚಿನಲ್ಲಿ ಗುಣಾಕಾರದ ಚಿಹ್ನೆಯಂಥ ಒಂದು ಅಕ್ಷರ, ಅದರ ಮುಂದೆ ಒಂದು ನೆಟ್ಟ ಗೆರೆ: ರೋಮನ್ ಲಿಪಿಯ ಎಕ್ಸ್ ಮತ್ತು ಐ. ಗಾಯಸ್ ಮತ್ತು ಲೂಸಿಯಸರ ನಾಣ್ಯದ ಹಿಮ್ಮುಖದ ಉದ್ದನೆಯ ಬರಹದಲ್ಲಿ ಮೊದಲಿನಿಂದ ಕೊನೆಯವರೆಗೆ ಎಕ್ಸ್ ಅಕ್ಷರ ಒಂದೂ ಇಲ್ಲ. ತಿಬೇರಿಯಸನು ಆಳ್ವಿಕೆಯ ಆರಂಭದಲ್ಲಿ ಹೊಡೆಸಿದ ಇನ್ನೊಂದು ಅಚ್ಚಿನಲ್ಲಿ ಎಕ್ಸ್ ಉಂಟು, ಆದರೆ ಅಲ್ಲಿರುವುದು ನಾಲ್ಕು ಕುದುರೆಯ ರಥ. ಕುಳಿತ ಸ್ತ್ರೀ ಮತ್ತು ಎಕ್ಸ್ ಒಟ್ಟಿಗಿದ್ದರೆ ಅದು ‘ಮ್ಯಾಕ್ಸಿಮ್’ ಎಂಬ ಮಾತಿನ ನಡುವಿನ ಅಕ್ಷರವೇ.

ಇಷ್ಟಕ್ಕೇ ತೀರ್ಪು ಕೊಡುವಂತಿರಲಿಲ್ಲ. ಅಗಸ್ಟಸ್ ತನ್ನ ಕೊನೆಯ ದಿನಗಳಲ್ಲಿ ಇದೇ ಕುಳಿತ ಸ್ತ್ರೀಯ ಅಚ್ಚನ್ನು ಹೊಡೆಸಿದ್ದ. ತಿಬೇರಿಯಸ್ ಅದನ್ನೇ ಮುಂದುವರಿಸಿದವನು. ಜೊತೆಗೆ ನಮ್ಮ ದೇಶದಲ್ಲಿಯೇ ಇಂಥ ನಾಣ್ಯಗಳ ನಕಲುಗಳೂ ತಯಾರಾಗುತ್ತಿದ್ದುವು. ಲಿಪಿ ಬಾರದ ಕೆಲಸಗಾರ ಕೆತ್ತಿದ ಅಕ್ಷರಗಳು ಅವುಗಳಲ್ಲಿ ಅರ್ಥವಿಲ್ಲದ ಗೀಟುಗಳಾಗಿರುತ್ತವೆ. ಆದುದರಿಂದ ಮುಮ್ಮುಖಕ್ಕೆ ಹಿಂದಿರುಗಬೇಕಾಯಿತು. ಅಲ್ಲಿ ಲಾರೆಲ್ ಎಲೆಯ ಮಾಲೆ ಧರಿಸಿದ ತಲೆಯ ಸುತ್ತ ಬರಹ ‘ಟಿಐ’ ಎಂದೇ ಆರಂಭವಾಗುತ್ತದೆ: ತಿಬೇರಿಯಸ್ ಸೀಸರ್, ದೈವೀಭೂತ ಅಗಸ್ಟಸನ ಮಗ, ಅಗಸ್ಟಸ್ ಎಂದು ಅದರ ಅರ್ಥ. ಅಕ್ಷರಗಳು ಕ್ರಮ ತಪ್ಪಿಲ್ಲ. ಆದುದರಿಂದ ಇದು ಕ್ರಿ. ಶ. ೧೪ರಿಂದ ೩೭ರವರೆಗೆ ಆಳಿದ ತಿಬೇರಿಯಸನ ದೆನಾರಿಯಸ್. ಈಗಿನ ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದ ಟಂಕಸಾಲೆ ಇಂಥವನ್ನು ಅಪಾರ ಸಂಖ್ಯೆಯಲ್ಲಿ ಹೊಡೆಯಿತು.

ಶುಭಸಂದೇಶವನ್ನು ಬಲ್ಲವರಿಗೆ ಈ ಹೊತ್ತಿಗೆ ವಿಷಯ ಹೊಳೆದಿರಬೇಕು. ಸೀಸರನಿಗೆ ಕಪ್ಪ ಕೊಡುವುದು ಸರಿಯೇ ಎಂದು ಕೇಳಿ ಯೇಸುಸ್ವಾಮಿಯನ್ನು ಮಾತಿನಲ್ಲಿ ಸಿಕ್ಕಿಸಲು ಬಂದವರಿಂದ ಸ್ವಾಮಿ ಒಂದು ನಾಣ್ಯವನ್ನು ಕೇಳಿ ಪಡೆದು, ಅದರ ಮೇಲಿನ ರೂಪವೂ ಬರಹವೂ ಯಾರವೆಂದು ಪ್ರಶ್ನಿಸಿದ ಪ್ರಸಂಗ ಮತ್ತಾಯ, ಮಾರ್ಕ, ಲೂಕ ಮೂವರಲ್ಲಿಯೂ ಇದೆ. ಆ ನಾಣ್ಯ ತಿಬೇರಿಯಸನ ಈ ದೆನಾರಿಯಸ್ಸೇ ಎಂದು ಬಹುಕಾಲದಿಂದ ಎಣಿಸಲಾಗಿದೆ. ನಾಣ್ಯ ಸಂಗ್ರಾಹಕರು ಇದನ್ನು ಕಪ್ಪದ ನಾಣ್ಯವೆಂದೇ ಕರೆಯುತ್ತಾರೆ. ಆಕ್ಷೇಪಣೆಯೂ ಇಲ್ಲದಿಲ್ಲ. ಆ ಕಾಲದ ಯೂದಾಯದಲ್ಲಿ ತೂರ್ ಮತ್ತು ಅಂತಿಯೋಕ್ಯದ ದೊಡ್ಡ ಬೆಳ್ಳಿ ನಾಣ್ಯಗಳೇ ಹೆಚ್ಚಾಗಿ ನಡೆಯುತ್ತಿದ್ದುವು, ದೆನಾರಿಯಸ್ ಅಲ್ಲಿನ ಅಗೆತಗಳಲ್ಲಿ ವಿರಳ, ಎಂದು ವಿದ್ವಾಂಸರು ಕೆಲವರು ತೋರಿಸಿದ್ದಾರೆ. ಅದು ಹೇಗೇ ಇರಲಿ, ಸ್ವಾಮಿ ಕೇಳಿದ್ದು ಮುಮ್ಮುಖದ ಪ್ರಶ್ನೆಯನ್ನು. ಉತ್ತರವೂ ಅಲ್ಲಿಯೇ ಮುಗಿಯಿತು. ಹಿಮ್ಮುಖದಲ್ಲಿ ಯಾರಿದ್ದರೆಂದು ಶುಭಸಂದೇಶಕರ್ತರು ಯಾರೂ ಹೇಳಲಿಲ್ಲ. ನಮ್ಮ ಅಜ್ಜಿಗೆ ಬೇಕಾಗಿದ್ದುದೋ ಅದೇ.

ಆ ಸ್ತ್ರೀ ಯಾರು? ತಿಬೇರಿಯಸನ ತಾಯಿ ಲಿವಿಯಾ ಎಂದು ರೂಢಿಯ ಮಾತು. ಅಗಸ್ಟಸನ ಹೆಂಡತಿಯಾಗಿದ್ದು, ಗಂಡ ತೀರಿಕೊಂಡ ಮೇಲೆ ಜೂಲಿಯಾ ಅಗಸ್ಟಾ ಎಂಬ ಬಿರುದು ಪಡೆದು ಕ್ರಿ. ಶ. ೨೯ರವರೆಗೆ ಬದುಕಿದ್ದವಳು. ರೆಂಬೆಯನ್ನು ನೋಡಿ ಶಾಂತಿದೇವತೆ ಎನ್ನುವವರೂ ಉಂಟು. ಶಾಂತಿದೇವತೆಯ ರೂಪದಲ್ಲಿ ಲಿವಿಯಾ ಎಂದು ಎರಡನ್ನೂ ಕೂಡಿಸುವವರೂ ಉಂಟು. ನಾಣ್ಯದ ಮೇಲೆ ಅವಳ ಹೆಸರಿಲ್ಲ. ಇರುವುದು ಮಗನ ಪದವಿ ಮಾತ್ರ. ಅಗಸ್ಟಸನ ಕಾಲದಲ್ಲಿಯೇ ಈ ರೂಪ ಬಂದಿದ್ದುದರಿಂದ ಮೊದಲಿಗೆ ಇವಳು ದೇವತೆಯೇ ಇರಬೇಕೆಂದೂ, ಮಗನು ಪಟ್ಟಕ್ಕೆ ಬಂದ ಬಳಿಕ ಜನರು ಅವಳಲ್ಲಿ ರಾಜಮಾತೆಯನ್ನು ಕಂಡಿರಬೇಕೆಂದೂ ನನಗೆ ತೋರುತ್ತದೆ.

‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಬರಹವೂ ನಮ್ಮವರಿಗೆ ಸ್ವಾರಸ್ಯವಾದೀತು. ಪೊಂಟಿಫೆಕ್ಸ್ ಮ್ಯಾಕ್ಸಿಮಸ್ ಎಂದರೆ ಪ್ರಧಾನ ಯಾಜಕ. ರೋಮಿನ ಹಳೆಯ ದೇವತೆಗಳ ಪೂಜಾವಿಧಿಗಳಿಗೆಲ್ಲ ಅವನೇ ಮುಖ್ಯಸ್ಥ. ಚಕ್ರವರ್ತಿಗಳು ಆ ಪದವಿಯನ್ನು ತಾವೇ ವಹಿಸಿಕೊಂಡರು. ನಾಲ್ಕನೆಯ ಶತಮಾನದಲ್ಲಿ ಗ್ರಾಷಿಯನ್ ಎಂಬ ಕ್ರೈಸ್ತ ಚಕ್ರವರ್ತಿ ಅದನ್ನು ತೊರೆದ. ಬಹುಕಾಲದ ನಂತರ ಅದೇ ಬಿರುದು ಪರಮಪೂಜ್ಯ ಜಗದ್ಗುರುಗಳ ಹೆಸರಿನೊಡನೆ ಸೇರಿತು. ರೋಮಿನ ಸಂತ ಪೇತ್ರರ ಮಹಾದೇವಾಲಯದ ಮುಂಭಾಗದಲ್ಲಿ ಐದನೆಯ ಪೌಲರ ಹೆಸರಿನೊಂದಿಗೆ ೧೬೧೨ರಲ್ಲಿ ದೊಡ್ಡ ಅಕ್ಷರಗಳಲ್ಲಿ ಕೆತ್ತಿರುವುದೂ ಇದರ ಹ್ರಸ್ವರೂಪವನ್ನೇ. ಯಾತ್ರೆಗೆ ಹೋಗಿಬಂದವರು ತಮ್ಮ ಫೋಟೋಗಳಲ್ಲಿ ಹುಡುಕಿ ನೋಡಬಹುದು.

ಈಗ ಸಮಿತಿಯ ಹಿರಿಯರು ಕೇಳಿದ ಆ ಒಂದು ಸಾಲಿನ ವಿಷಯ. ಯಶವಂತಪುರದ ನಿಧಿಯಲ್ಲಿ ಕ್ಲಾಡಿಯಸನ ನಾಣ್ಯಗಳಿವೆ. ಅವನು ಪಟ್ಟಕ್ಕೆ ಬಂದದ್ದು ಕ್ರಿ. ಶ. ೪೧ರಲ್ಲಿ. ಒಂದು ನಿಧಿ ಅದರೊಳಗಿನ ಅತ್ಯಂತ ಹೊಸ ನಾಣ್ಯಕ್ಕಿಂತ ಮೊದಲು ಹೂಳಲ್ಪಟ್ಟಿರಲು ಸಾಧ್ಯವಿಲ್ಲ. ಆದುದರಿಂದ ಅದನ್ನು ಯಾರೋ ಹೂತಿಟ್ಟದ್ದು ೪೧ರ ಈಚೆಗೆ. ಪ್ರಭುವಿನ ಶಿಲುಬೆ ಮರಣದ ನಂತರವೇ. ಆದರೆ ಹೂತವನು ಕ್ರೈಸ್ತನೆಂದು ಅದರಿಂದ ಹೇಗೆ ಹೇಳುವುದು? ನಾಣ್ಯವನ್ನು ತಂದದ್ದು ವ್ಯಾಪಾರ. ಮೆಣಸು, ಮುತ್ತು, ಪಚ್ಚೆಯ ಜಾತಿಯ ಹರಳು, ನಯವಾದ ಹತ್ತಿಯ ಬಟ್ಟೆ, ಇವುಗಳಿಗಾಗಿ ಮಾನ್ಸೂನ್ ಗಾಳಿಯನ್ನು ಹಿಡಿದು ಹಡಗುಗಳು ಈಜಿಪ್ಟಿನಿಂದ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದುವು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಎಂಬ ರೋಮನ್ ಲೇಖಕ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದೆನಾರಿಯಸಿನಂತೆ ಅದು ಒಂದೂಕಾಲು ಕೋಟಿ ದೆನಾರಿಯಸ್ ಆಯಿತು. ಇಲ್ಲಿನವರು ಅದನ್ನು ಶುದ್ಧ ಬೆಳ್ಳಿಯೆಂದು ತೂಗಿ ಪಡೆದರು. ಅಗಸ್ಟಸ್ ಮತ್ತು ತಿಬೇರಿಯಸರ ಹಳೆಯ ನಾಣ್ಯಗಳೇ ಇಲ್ಲಿ ರಾಶಿಯಾಗಿ ದೊರೆಯುವುದಕ್ಕೆ ಕಾರಣ ಅವುಗಳ ತೂಕ ಮತ್ತು ಚೊಕ್ಕ ಬೆಳ್ಳಿ. ತೆಲಂಗಾಣದ ನಲ್ಗೊಂಡ ಸೀಮೆಯ ಅಕ್ಕನಪಲ್ಲಿಯಲ್ಲಿ ಇಂಥವು ೧೫೩೧ ಒಂದೇ ಕಡೆ ಸಿಕ್ಕಿದುವು. ದ್ರಾಕ್ಷಿತೋಟದ ಸಾಮತಿಯಲ್ಲಿ ಕೂಲಿಯಾಳಿಗೆ ದಿನಕ್ಕೆ ಒಂದು ದೆನಾರಿಯಸ್ ಗೊತ್ತಾಗಿತ್ತಷ್ಟೆ. ಆ ಲೆಕ್ಕದಲ್ಲಿ ವಾರಕ್ಕೆ ಆರು ದಿನ ದುಡಿದರೆ ಯಶವಂತಪುರದ ೧೬೩ ನಾಣ್ಯಗಳು ಒಬ್ಬ ಆಳಿನ ಇಪ್ಪತ್ತೇಳು ವಾರಗಳ ಕೂಲಿ. ನಮ್ಮ ಸೀಮೆಯ ಯಾವನೋ ವರ್ತಕನೋ ಒಡೆಯನೋ ಹೂತಿಟ್ಟು ಮತ್ತೆ ತೆಗೆಯಲಾಗದೆ ಹೋದ ದುಡ್ಡು ಅದು. ಮೈಸೂರು ಸೀಮೆಯಲ್ಲಿ ಕಥೋಲಿಕ ಮಿಶನ್ನಿನ ಬುನಾದಿ ಬಿದ್ದುದು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದಾಗ. ಆ ಗುರುಗಳ ಕಷ್ಟದ ದುಡಿಮೆಯನ್ನು ವರ್ತಕನೊಬ್ಬನ ಬೆಳ್ಳಿಗೆ ಜಮಾ ಮಾಡುವುದು ನನಗೆ ಸರಿದೋರಲಿಲ್ಲ. ಹಿರಿಯರಿಗೆ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಸಾಲು ಬೇಡ” ಎಂದರು. ಅವರಿಗೆ ನಾನು ಋಣಿ.

ಅಜ್ಜಿಗೆ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಮುಂದಿನ ಭಾನುವಾರ ಗವಿಯ ಬಳಿಯ ಕಲ್ಲುಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತು ಕಂಡದ್ದನ್ನೆಲ್ಲ ಕಂಡ ಹಾಗೆಯೇ ಹೇಳಿದೆ. “ಮಗು ಸವೆದುಹೋಗಿರಬೇಕು ಅಂದುಕೊಂಡಿದ್ದೆ. ಮೊದಲಿನಿಂದಲೂ ಇರಲೇ ಇಲ್ಲವೋ?” ಎಂದು ಕೇಳಿದರು. ಇರಲಿಲ್ಲ ಅಜ್ಜಿ, ಎಂದೆ. “ಈಕೆಗೆ ಮಕ್ಕಳಿದ್ದರೋ?” ಎಂದರು. ನಾಣ್ಯ ತಿರುಗಿಸಿ, ಈತನೇ ಮಗ, ಚಕ್ರವರ್ತಿ, ಸ್ವಾಮಿಯನ್ನು ಶಿಲುಬೆಗೇರಿಸಿದ ಪಿಲಾತನು ಈತನ ಅಧಿಕಾರಿ, ಎಂದು ತೋರಿಸಿದೆ. ಅಜ್ಜಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಅವರು ಆ ಕಡೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲವಂತೆ.

ಅವರಿಗೆ ಇನ್ನೊಂದು ಸಂಗತಿಯನ್ನೂ ತೋರಿಸಿದೆ. ತೂತು ಕೊರೆದಿರುವುದು ಕುಳಿತ ಸ್ತ್ರೀಯ ತಲೆಯ ಮೇಲೆ, ಸರಿಯಾಗಿ ನಡುವೆ. ರೋಮಿನ ಟಂಕಸಾಲೆಯವರು ಎರಡು ಮುಖಗಳ ತಲೆಯನ್ನು ಒಂದೇ ನೇರಕ್ಕೆ ಹೊಂದಿಸುತ್ತಿರಲಿಲ್ಲ. ಆದುದರಿಂದ ಇದೇ ತೂತು ಇನ್ನೊಂದು ಕಡೆ ಚಕ್ರವರ್ತಿಯ ಕುತ್ತಿಗೆಯ ಕೆಳಗೆ ಬಿದ್ದಿದೆ. ದಾರಕ್ಕೆ ತೂಗುಬಿಟ್ಟಾಗ ತಾಯಿ ನೆಟ್ಟಗೆ ಕುಳಿತಿರುತ್ತಾಳೆ, ತಿಬೇರಿಯಸ್ ತಲೆಕೆಳಗಾಗಿ ತೂಗುತ್ತಾನೆ. ತೂತು ಕೊರೆದವರಿಗೆ ಯಾವ ಮುಖ ಮುಖ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಅಜ್ಜಿಗೆ ನಗು ಬಂತು.

ಈ ನಾಣ್ಯ ಆ ೧೬೩ರ ಜೊತೆಯದೆಂದು ಹೇಳುವ ಧೈರ್ಯ ನನಗಿಲ್ಲ. ಮನೆಮಾತೊಂದನ್ನು ನಂಬಿ ಹಾಗೆ ಬರೆಯುವಂತಿಲ್ಲ. ಆದರೆ ನಮ್ಮ ಕಡೆ ಮನೆಗೆ ಪಾಯ ತೆಗೆಯುವವರಿಗೆ, ಕೊಳವೆ ಹೂಳುವವರಿಗೆ ಇನ್ನು ಮುಂದೆಯೂ ಇಂಥವು ಸಿಗಬಹುದು. ಸಿಕ್ಕರೆ ಬೆಳಗಬೇಡಿ, ಕರಗಿಸಬೇಡಿ, ಹಂಚಿಕೊಳ್ಳಬೇಡಿ. ೧೯೬೨ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಸಿಕ್ಕ ಸ್ಥಳವನ್ನೂ, ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನೂ ಬರೆದಿಡಿ. ನಿಧಿಯೊಂದು ಚದುರಿಹೋದರೆ ಅದರಲ್ಲಿ ಅತ್ಯಂತ ಹೊಸ ನಾಣ್ಯ ಯಾವುದೆಂದು ಹೇಳುವುದಕ್ಕೆ ಆಗುವುದಿಲ್ಲ; ಹೂತ ಕಾಲವನ್ನು ತಿಳಿಯಲು ಅದೊಂದೇ ದಾರಿ.

ಅಜ್ಜಿಯ ಜಪಸರದಲ್ಲಿ ಈಗ ವೇಳಾಂಕಣ್ಣಿ ಮಾತೆಯ ಅಲ್ಯೂಮಿನಿಯಮ್ ಪದಕವೊಂದು ಸೇರಿದೆ. ಹಳೆಯ ಬಿಲ್ಲೆಯನ್ನು ಅವರು ದಾರದಿಂದ ಬಿಚ್ಚಿ, ಗುರುಗಳನ್ನು ಕೇಳಿ ಪುರಾತತ್ವ ಇಲಾಖೆಯವರಿಗೆ ತೋರಿಸುವೆನೆಂದು ಹೇಳಿದ್ದಾರೆ. ಶತಮಾನೋತ್ಸವದ ಪೂಜೆ ಮುಗಿಯುವವರೆಗೆ ಮಾತ್ರ ಅದು ಅವರ ಸೆರಗಿನ ಗಂಟಿನಲ್ಲಿಯೇ ಇರುತ್ತದಂತೆ.